ಪರದೆಯ ಹಿಂದಿನ ಚಪ್ಪಲಿ

ನಮ್ಮ ಊರಿನಲ್ಲಿ ಬಾಗಿಲ ಮುಂದಿನ ಚಪ್ಪಲಿ ನೋಡಿಯೇ ಒಳಗೆ ಯಾರಿದ್ದಾರೆಂದು ಹೇಳಿಬಿಡುತ್ತಿದ್ದರು. ಹಾಗಾಗಿ ಕೆರೆಬೀದಿಯ ಆ ಹೆಂಚಿನ ಮನೆಗೆ ಮೊದಲ ಸಲ ಹೋದಾಗ ಅದರ ಬರಿದಾದ ಹೊಸ್ತಿಲು ನನಗೆ ವಿಚಿತ್ರವಾಗಿ ಕಂಡಿತು. ಒಳಗೆ ಕಾಲಿಟ್ಟ ಮೇಲೆ ತಿಳಿಯಿತು: ಬಾಗಿಲ ಪಕ್ಕದಲ್ಲೊಂದು ಗೂಡು, ಅದಕ್ಕೊಂದು ಹಸಿರು ಪರದೆ. ಬಂದವರು ಚಪ್ಪಲಿಯನ್ನು ಅದರ ಹಿಂದೆ ಇಟ್ಟು ಮುಂದೆ ಹೋಗಬೇಕಿತ್ತು.

ಮನಸ್ಸಿನ ಭಾರವನ್ನು ಮಾತಾಡಿ ಇಳಿಸಿಕೊಳ್ಳುವ ಮನೆ ಅದು ಎಂದು ಆಸ್ಪತ್ರೆಯ ನರ್ಸೊಬ್ಬಳು ಹೇಳಿದ್ದಳು. ನಾನು ಹೋದದ್ದು ನನಗಾಗಿ ಅಲ್ಲ, ನನ್ನ ಗಂಡ ನಿಜಗುಣರಿಗಾಗಿ. ಅವರ ತಮ್ಮ ಗುರುಮಲ್ಲು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಅವರು ತಮ್ಮ ಕನ್ನಡಕದ ಅಂಗಡಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಮಲ್ಲುವಿನ ಹೆಸರೆತ್ತಿದರೆ ಎದ್ದುಬಿಡುತ್ತಿದ್ದರು. ಅವರನ್ನು ಅಲ್ಲಿಗೆ ಹೊರಡಿಸುವ ಮುಂಚೆ ಅದೆಂಥ ಜಾಗ, ಒಳಗೆ ಏನು ನಡೆಯುತ್ತದೆ ಎಂದು ನೋಡಿಕೊಂಡು ಬರೋಣವೆನಿಸಿತು.

ಅಲ್ಲಿ ಇಬ್ಬರು ಕೂರುತ್ತಿದ್ದರು. ನನಗೆ ಸಿಕ್ಕವರು ವಾರಿಜಾ. ಕುಳ್ಳಗಿನ ಮೈಕಟ್ಟು, ಅವಸರವೇ ಇಲ್ಲದ ದನಿ.

"ನಾನು ಹೇಳ್ಕೊಳ್ಳೋಕೆ ಬಂದಿಲ್ಲ ಮೇಡಂ, ಕೇಳೋಕೆ ಬಂದೆ," ಎಂದೆ.

"ಕೇಳಿ. ಕೇಳ್ದೆ ಶುರು ಮಾಡೋದಕ್ಕಿಂತ ಅದೇ ಒಳ್ಳೇದು."

"ಮಲಗಿಸಿ ನಿದ್ದೆ ಬರಿಸ್ತೀರಂತೆ, ಆಮೇಲೆ ಒಳಗಿರೋದೆಲ್ಲ ಬಾಯಿ ಬಿಡಿಸ್ತೀರಂತೆ?"

ಅವರು ನಕ್ಕರು. "ನೀವು ಕೂತಿದೀರಲ್ಲ, ಅದೇ ಕುರ್ಚಿ. ಹೇಳೋಕೆ ಮನಸ್ಸಿಲ್ಲದ್ದನ್ನ 'ಇವತ್ತು ಬೇಡ' ಅಂದ್ರೆ ಮುಗೀತು."

"ಮಾತ್ರೆ?"

"ನಾನು ಕೊಡೋಲ್ಲ. ಬೇಕು ಅನ್ನಿಸಿದ್ರೆ ಡಾಕ್ಟರ ಹತ್ರ ಹೋಗಿ ಅಂತೀನಿ."

"ಹಾಗಾದ್ರೆ ಮುಂದೆ ಏನು ಮಾಡ್ಬೇಕು ಅಂತ ಬುದ್ಧಿ ಹೇಳ್ತೀರಾ?"

"ಅದೂ ಇಲ್ಲ. ಬುದ್ಧಿ ಹೇಳೋರು ನಿಮ್ಮ ಬೀದೀಲೇ ಬೇಕಾದಷ್ಟು ಜನ ಇರ್ತಾರಲ್ಲ."

ನನಗೂ ನಗು ಬಂತು. ಆಡಿದ ಮಾತು ಹೊರಗೆ ಹೋಗುವುದಿಲ್ಲವೇ ಎಂದೆ. ಯಾರದಾದರೂ ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ಸುಮ್ಮನಿರುವುದಿಲ್ಲ, ಅದನ್ನು ಬಂದವರಿಗೆ ಮೊದಲೇ ತಿಳಿಸಿರುತ್ತೇನೆ ಎಂದರು. ಎಷ್ಟು ಬೇಗ ಹಗುರಾಗುತ್ತದೆ ಎಂದದ್ದಕ್ಕೆ, "ಕೆಲವರಿಗೆ ಮೊದಲು ಭಾರ ಜಾಸ್ತೀನೇ ಆಗತ್ತೆ. ಅದನ್ನ ಮುಚ್ಚಿಟ್ಟು ಕರೀಬಾರ್ದು," ಎಂದರು. ಆ ಉತ್ತರ ಕೇಳಿ ಅವರ ಮೇಲೆ ನಂಬಿಕೆ ಹುಟ್ಟಿತು.

"ಯಾರಿಗೋಸ್ಕರ ಕೇಳ್ತಿದೀರಿ?"

"ನಮ್ಮ ಯಜಮಾನರಿಗೆ. ಕನ್ನಡಕದ ಅಂಗಡಿ ನಿಜಗುಣ ಅಂತ."

ವಾರಿಜಾ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ನೀವು ಹೇಗಿದೀರಿ?"

'ಚೆನ್ನಾಗಿದೀನಿ' ಎನ್ನಲು ಹೊರಟೆ. ಬಾಯಿಗೆ ಬಂದದ್ದು ಮಲ್ಲುವಿನ ಹೆಸರು. ನಾನು ಮದುವೆಯಾಗಿ ಬಂದಾಗ ಮಲ್ಲು ಇನ್ನೂ ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದ ಹುಡುಗ. ತಲೆ ಬಾಚಿ, ಅನ್ನ ಕಲಸಿಕೊಟ್ಟು ಬೆಳೆಸಿದವಳು ನಾನು. ಆದರೆ ಮೈದುನ ಸತ್ತರೆ ಅತ್ತಿಗೆ ಎಷ್ಟು ಅಳಬಹುದು ಎಂಬುದಕ್ಕೆ ಊರಿನಲ್ಲಿ ಒಂದು ಅಳತೆಯಿತ್ತು. ಅದನ್ನು ಮೀರದೆ ಅತ್ತು ಮುಗಿಸಿದ್ದೆ.

"ನಿಮ್ಮ ಮಾತು ಕೇಳೋಕೆ ಪಕ್ಕದ ಕೋಣೆ ಫಿಲೋಮಿನಾ ಇದಾರೆ. ನಾನು ಆಗೋಲ್ಲ," ಎಂದರು ವಾರಿಜಾ.

"ಯಾಕೆ, ನಾನು ನಿಮಗೆ ಹಿಡಿಸ್ಲಿಲ್ವಾ?"

"ಹಾಗಲ್ಲಮ್ಮ. ಕಾರಣ ಹೇಳೋ ಹಾಗಿಲ್ಲ."

ಅವಮಾನವಾದಂತಾಗಿ ಎದ್ದು ಬಂದೆ. ಆ ಕಾರಣ ಏನಿರಬಹುದೆಂದು ಸೊಪ್ಪು ಬಿಡಿಸುವಾಗಲೂ ತಲೆ ಕೊರೆಯುತ್ತಿತ್ತು. ಕೊನೆಗೆ ಆ ಕುತೂಹಲವೇ ನನ್ನನ್ನು ಮತ್ತೆ ಅಲ್ಲಿಗೆ ಕರೆದೊಯ್ದಿತು.

ಫಿಲೋಮಿನಾ ಹೆಚ್ಚು ಮಾತಾಡುತ್ತಿರಲಿಲ್ಲ. ಸಮಾಧಾನ ಮಾಡ್ಕೋ ಎಂದು ಒಮ್ಮೆಯೂ ಅನ್ನಲಿಲ್ಲ. ಮೊದಲ ವಾರಗಳಲ್ಲಿ ಮನೆಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತಿದ್ದೆ, ಬಟ್ಟೆ ನೆನೆಸಿದ್ದು ಹಾಗೇ ಇರುತ್ತಿತ್ತು. ಬರುಬರುತ್ತ ಮಲ್ಲುವಿನ ಕಾಯಿಲೆಗಿಂತ ಅವನ ತುಂಟಾಟಗಳೇ ಹೆಚ್ಚು ನೆನಪಾಗತೊಡಗಿದವು. ಇದ್ಯಾವುದನ್ನೂ ಗಂಡನಿಗೆ ಹೇಳಲಿಲ್ಲ. ಹೇಗೆ ಶುರು ಮಾಡಬೇಕೆಂದು ತೋಚುತ್ತಿರಲಿಲ್ಲ.

ಹಬ್ಬದ ದೆಸೆಯಿಂದ ಒಂದು ವಾರ ನನ್ನ ಸರದಿ ಶುಕ್ರವಾರಕ್ಕೆ ಬಿತ್ತು. ಶುಕ್ರವಾರ ಅಂಗಡಿಗೆ ರಜೆ. ಅಂದು ನಿಜಗುಣ ಕನ್ನಡಕದ ಗಾಜು ತರಲು ಪಕ್ಕದ ಊರಿಗೆ ಹೋಗುತ್ತಿದ್ದರು, ಅಥವಾ ಹಾಗೆಂದು ಹೇಳುತ್ತಿದ್ದರು. ನಾನು ಹಸಿರು ಪರದೆ ಸರಿಸಿದೆ. ಒಳಗೊಂದು ಜೊತೆ ಚಪ್ಪಲಿ. ಹರಿದ ಉಂಗುಟದ ಪಟ್ಟಿಯನ್ನು ಕನ್ನಡಕದ ತೆಳು ತಂತಿಯಿಂದ ಬಿಗಿಯಲಾಗಿತ್ತು. ಅಂಥ ಕೆಲಸ ಮಾಡುವವರು ಊರಿಗೆ ಒಬ್ಬರೇ.

ವಾರಿಜಾರ ಕಾರಣ ಆಗ ತಿಳಿಯಿತು. ಗಂಡನ ಮಾತು ಕೇಳುತ್ತಿದ್ದವರು ಹೆಂಡತಿಯ ಮಾತಿಗೆ ಹೇಗೆ ಕಿವಿಯಾಗಬೇಕು? ನನ್ನೆದುರು ಕೂತು ಅಷ್ಟೆಲ್ಲ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೂ ಮುಖದ ಒಂದು ಗೆರೆಯೂ ಅಲುಗಿರಲಿಲ್ಲ. ಸಿಟ್ಟು ಬರಬೇಕಿತ್ತು. ಬದಲಿಗೆ ಎದೆಯ ಮೇಲಿಂದ ಏನೋ ಇಳಿದಂತಾಯಿತು. ನಮ್ಮ ಯಜಮಾನರೂ ಒಬ್ಬರೇ ಈ ಬಾಗಿಲು ಹುಡುಕಿಕೊಂಡು ಬಂದಿದ್ದರಲ್ಲ! ಹಿಂದಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಚಪ್ಪಲಿಯನ್ನು ಅವುಗಳ ಪಕ್ಕಕ್ಕೇ ಬಿಟ್ಟು ಫಿಲೋಮಿನಾರ ಕೋಣೆಗೆ ನಡೆದೆ.

ಹೊರಗೆ ಬಂದಾಗ ನಿಜಗುಣ ಬೀದಿಯ ತಿರುವಿನಲ್ಲಿ ನಿಂತಿದ್ದರು. ನಾನು ಬರುವುದನ್ನೇ ಕಾಯುತ್ತಿದ್ದರೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಇಬ್ಬರೂ ಸ್ವಲ್ಪ ದೂರ ನಡೆದೆವು. ಕಬ್ಬಿನ ಹಾಲಿನ ಗಾಡಿಯ ಮುಂದೆ ಅವರು ನಿಂತರು.

"ಎರಡು ಲೋಟ ಕೊಡಪ್ಪ," ಎಂದರು. ಮತ್ತೆ ನನ್ನ ಕಡೆ ನೋಡದೆ, "ಮಲ್ಲು ಐಸ್ ಹಾಕಿಸ್ಕೊಳ್ತಾ ಇರ್ಲಿಲ್ಲ," ಎಂದರು.

"ಶುಂಠಿ ಮಾತ್ರ ಜಾಸ್ತಿ ಬೇಕಿತ್ತು ಅವನಿಗೆ," ಎಂದೆ.

"ಹೂಂ. ಜಾಸ್ತಿ."

ಗಾಡಿಯವನು ಕಬ್ಬಿನ ಜಲ್ಲೆಯ ನಡುವೆ ಶುಂಠಿ ಸಿಕ್ಕಿಸಿ ಚಕ್ರ ತಿರುಗಿಸಿದ. ಅದಕ್ಕೆ ಕಟ್ಟಿದ್ದ ಗೆಜ್ಜೆ ಸದ್ದು ಮಾಡುತ್ತಲೇ ಇತ್ತು. ಲೋಟ ನಿಧಾನವಾಗಿ, ನೊರೆಯ ಕೆಳಗಿನಿಂದ ತುಂಬುತ್ತ ಬಂತು.