ಸಾವಿರದ ಒಂಬತ್ತು ಜನರ ಸಾಲು

ನೂಲಿನ ಗಿರಣಿಯ ವಾರ್ಷಿಕ ಫೋಟೋದಲ್ಲಿ ಸಾಲುಗಳು ಸಮನಾಗಿರಬೇಕು ಎಂಬುದು ಮ್ಯಾನೇಜರ್ ಸಾಹೇಬರ ಹಟ. ಭಾಗಿಸಿ ಉಳಿದವರು ಗೇಟಿನಾಚೆ ನಿಲ್ಲಬೇಕು. ಹಾಗೆ ಉಳಿಯುತ್ತಿದ್ದವರು ಯಾವಾಗಲೂ ಕಸ ಗುಡಿಸುವವರೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಜರಿ ಹಿಡಿಯುವವಳನ್ನು ಗಿರಣಿಯವರೆಲ್ಲ ಕರೆಯುತ್ತಿದ್ದದ್ದು ಭಾಗಾಕಾರದಕ್ಕ ಎಂದೇ. ಹನ್ನೆರಡು ವರ್ಷದಿಂದ ಉಳಿದವರ ಪಟ್ಟಿ ಬರೆದುಕೊಟ್ಟವಳು ಅವಳು. ಪ್ರತಿ ಸಲವೂ ಅದರಲ್ಲಿ ಅವಳ ಸ್ವಂತ ಚಿಕ್ಕಮ್ಮ ಇರುತ್ತಿದ್ದಳು. ಮೂವತ್ತು ವರ್ಷ ಗಿರಣಿ ಗುಡಿಸಿದ ಚಿಕ್ಕಮ್ಮನಿಗೆ ಮುಂದಿನ ತಿಂಗಳು ನಿವೃತ್ತಿ. ಈ ಸಲವೂ ತಪ್ಪಿದರೆ ಅವಳು ಇಲ್ಲಿ ದುಡಿದದ್ದಕ್ಕೆ ಒಂದು ಗುರುತೂ ಉಳಿಯುವುದಿಲ್ಲ.

ಈ ವರ್ಷದ ತಲೆ ಲೆಕ್ಕ, ಸಾಹೇಬರನ್ನೂ ಸೇರಿಸಿ, ಸಾವಿರದ ಒಂಬತ್ತು.

"ಸಾಲಿಗೆ ಮೂವತ್ತಾರು, ಇಪ್ಪತ್ತೆಂಟು ಸಾಲು. ಒಬ್ಬರನ್ನ ತೆಗೆದ್ರೆ ಮುಗೀತು," ಎಂದರು ಸಾಹೇಬರು.

"ಯಾರನ್ನೂ ತೆಗೆಯಲ್ಲ ಸಾರ್," ಎಂದಳು ಭಾಗಾಕಾರದಕ್ಕ.

ಸಾಹೇಬರು ನಕ್ಕರು. "ಸರಿ ಕಣಮ್ಮ, ಎಲ್ಲರನ್ನೂ ಹಿಡಿಸಿ ಸಮ ಸಾಲು ಮಾಡಿ ತೋರಿಸು. ಎಷ್ಟು ಸಾಲಾದ್ರೂ ನಾನು ಒಪ್ಕೋತೀನಿ." ಇಡೀ ಕ್ಯಾಂಟೀನು ಇದನ್ನು ಕೇಳಿಸಿಕೊಂಡಿತು.

ಅವಳು ಪೆನ್ಸಿಲ್ ಹಿಡಿದು ಕೂತಳು. ಎರಡು, ಮೂರು, ಐದು ಹತ್ತಿರವೂ ಸೇರಿಸಲಿಲ್ಲ. ಏಳರಲ್ಲಿ ಒಬ್ಬರು ಉಳಿದರು, ಹನ್ನೊಂದರಲ್ಲಿ ಎಂಟು, ಹದಿಮೂರರಲ್ಲೂ ಎಂಟು. ಮೂವತ್ತೊಂದಕ್ಕೆ ಬಂದಾಗ ಹದಿನೇಳು. ಅದರಾಚೆ ನೋಡುವುದು ದಂಡ. ಮೂವತ್ತೆರಡು ಮೂವತ್ತೆರಡಲೆ ಆಗಲೇ ಸಾವಿರದ ಇಪ್ಪತ್ತನಾಲ್ಕು. ಅವಿಭಾಜ್ಯ ಸಂಖ್ಯೆ. ಯಾವ ಸಾಹೇಬರಿಗೂ ಬಗ್ಗದ ಜಾತಿ. ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಯಾವುದರಿಂದಲೂ ಭಾಗ ಹೋಗುವುದಿಲ್ಲ.

ಒಂದರಿಂದ ಹೋಗುತ್ತದಲ್ಲ, ಎಂದು ಅವಳು ಪೆನ್ಸಿಲ್ ಕೆಳಗಿಟ್ಟಳು.

ಶನಿವಾರ ಬೆಳಿಗ್ಗೆ ಗಿರಣಿಗೆ ಗಿರಣಿಯೇ ಕಾಂಪೌಂಡ್ ಗೋಡೆಗುಂಟ ಒಂದೇ ಸಾಲಿನಲ್ಲಿ ನಿಂತಿತು. ಗೇಟಿನ ಹತ್ತಿರ ಮೊದಲನೆಯವರಾಗಿ ನಿಂತಿದ್ದ ಸಾಹೇಬರು ಉಳಿದ ಸಾಲುಗಳಿಗಾಗಿ ಕಾದರು. ಅವು ಬರಲಿಲ್ಲ. ಆಚೆ ತುದಿಯಲ್ಲಿ, ಗೋದಾಮಿನ ಪಕ್ಕ, ಚಿಕ್ಕಮ್ಮ ನಿಂತಿದ್ದಳು.

"ಇದೇನು ತಮಾಷೆ? ಆ ಕೊನೆಯವಳನ್ನ ಕಳಿಸಿ, ಇಪ್ಪತ್ತೆಂಟು ಸಾಲು ಮಾಡಿ."

"ಎಷ್ಟು ಸಾಲಾದ್ರೂ ಸರಿ ಅಂದಿದ್ರಲ್ಲ ಸಾರ್, ಇದು ಒಂದು," ಎಂದಳು ಭಾಗಾಕಾರದಕ್ಕ. "ಇನ್ನು ಕೊನೆಯವರು ಯಾರು ಅಂತ? ಗೋದಾಮಿನ ಕಡೆಯಿಂದ ಎಣಿಸಿದ್ರೆ ನೀವೇ."

ಸಾಲಿನಲ್ಲಿ ಯಾರೂ ಕದಲಲಿಲ್ಲ. ಸಾಹೇಬರು ಆ ಉದ್ದವನ್ನೊಮ್ಮೆ ನೋಡಿ, ಕೋಟಿನ ಗುಂಡಿ ಹಾಕಿಕೊಂಡು ಫೋಟೋಕ್ಕೆ ನಿಂತರು.

ಫೋಟೋದವನು ತುಂಡು ತುಂಡಾಗಿ ತೆಗೆಯುತ್ತಾ ಹೋಗಿ ಗೋದಾಮು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಹನ್ನೆರಡು ಪಟ್ಟಿ ಬರೆದ ಕೈಯಿಂದಲೇ ಭಾಗಾಕಾರದಕ್ಕ ಚಿಕ್ಕಮ್ಮನ ಸೆರಗು ಸರಿಮಾಡಿದಳು. ಬಿಸಿಲಿಗೆ ಸುಸ್ತಾಗಿದ್ದ ಫೋಟೋದವನು ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿದ.

"ನಿಧಾನಕ್ಕೆ ತೆಗಿಯಪ್ಪ," ಎಂದಳು ಚಿಕ್ಕಮ್ಮ. "ಮೂವತ್ತು ವರ್ಷ ಕಾದಿದೀನಿ, ನನಗೇನೂ ಅವಸರ ಇಲ್ಲ."