ಸಂಗೀತದ ಜೊತೆ ಹೋದವಳು

ಇಂಗ್ಲಿಷ್ ಟೀಚರ್ ಆ ಊರಿಗೆ ಹೊಸಬರು. 'ನಮ್ಮೂರಿನ ಸಂಗೀತ ಹಬ್ಬ: ಊರಿಗೆ ಒಳ್ಳೆಯದೋ, ಕೆಟ್ಟದ್ದೋ?' ಎಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, "ಒಬ್ಬೊಬ್ರಾಗಿ ಎದ್ದು ಹೇಳಿ. ತಪ್ಪಾದ್ರೆ ನಾನಿದೀನಿ," ಎಂದರು.

ಮಕ್ಕಳಿಗೆ ಅಷ್ಟು ಸಾಕಾಗಿತ್ತು. ಬೇಕರಿಯವನ ಮಗ ಎದ್ದು, ಆ ವಾರ ಬ್ರೆಡ್ಡು ಒಲೆಯಿಂದ ಇಳಿಯುವುದೇ ತಡ ಖಾಲಿ ಎಂದ. ಲಾಡ್ಜಿನವರ ಹುಡುಗಿ, ಲಾಡ್ಜ್ ತುಂಬಿ ಊರಿನವರೂ ಒಂದೊಂದು ಕೋಣೆ ಬಾಡಿಗೆಗೆ ಕೊಡುತ್ತಾರೆ ಎಂದು ಹೆಮ್ಮೆಪಟ್ಟಳು. ಇನ್ನೊಬ್ಬ ಮೈದಾನದ ಕಸದ ಮಾತೆತ್ತಿದ. ಮತ್ತೊಬ್ಬಳು, ಗದ್ದಲಕ್ಕೆ ಕಣ್ಣು ಮುಚ್ಚಲಾಗದೆ ಊರವರಿಗೆಲ್ಲ ಶಾಪ ಹಾಕುವ ತನ್ನ ಅಜ್ಜನ ಅಣಕ ಮಾಡಿದಳು.

ಕಿಟಕಿ ಪಕ್ಕದ ಬೆಂಚಿನಲ್ಲಿ ದರ್ಜಿಯ ಮಗಳು ತಲೆ ತಗ್ಗಿಸಿ ಕೂತಿದ್ದಳು. ತನ್ನ ಸರದಿ ಬರುವ ಮೊದಲೇ ಬೆಲ್ ಹೊಡೆದರೆ ಸಾಕು ಎನ್ನಿಸುತ್ತಿತ್ತು. ಹೊಡೆಯಲಿಲ್ಲ.

"ನೀನು ಹೇಳಮ್ಮ."

ಅವಳು ಎದ್ದಳು. ಕಸ, ಗದ್ದಲ, ಏನಾದರೊಂದು ಹೇಳಿ ಪಾರಾಗಬಹುದಿತ್ತು. ನಾಲಿಗೆ ಅವಳ ಮಾತು ಕೇಳಲಿಲ್ಲ.

"ಮೈ ಮದರ್ ವೆಂಟ್ ವಿತ್ ದ ಮ್ಯೂಸಿಕ್, ಮಿಸ್."

ತರಗತಿ ಗಪ್‌ಚಿಪ್ ಆಯಿತು. ಟೀಚರ್ ಮಾತ್ರ ನಗುತ್ತ, "ವಿತ್ ಅಲ್ಲಮ್ಮ, ಟು. ವೆಂಟ್ ಟು ದ ಮ್ಯೂಸಿಕ್. ಸರಿ, ಅಮ್ಮನಿಗೆ ಖುಷಿಯಾಯ್ತಾ?" ಎಂದರು.

ಹಿಂದಿನ ಬೆಂಚಿನಲ್ಲಿ ಯಾರೋ ಪುಸಕ್ಕನೆ ನಕ್ಕರು. ಮರುಕ್ಷಣ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ಯೆಸ್, ಮಿಸ್," ಎಂದು ಅವಳು ಕೂತಳು.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಹಬ್ಬದ ವಾರ ದರ್ಜಿ ತನ್ನ ಮುಂದಿನ ಕೋಣೆಯನ್ನು ಮೈಕ್ ಸೆಟ್ಟಿನವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದ. ಹಬ್ಬ ಮುಗಿದು ಲಾರಿಗಳು ಹೊರಟ ಬೆಳಗ್ಗೆ ಮನೆಯ ಒಲೆ ತಣ್ಣಗಿತ್ತು, ಹೆಂಡತಿಯ ಚಪ್ಪಲಿ ಬಾಗಿಲಲ್ಲಿರಲಿಲ್ಲ. ದರ್ಜಿ ಕೂಗಾಡಲಿಲ್ಲ, ಅಳಲಿಲ್ಲ. ಅಂಗಡಿ ತೆರೆದು ಮಿಷನ್ ತುಳಿಯುತ್ತ ಕೂತ.

ಸಂಜೆ ಟೀಚರ್ ಅಂಗಡಿಗೆ ಬಂದರು. ಸ್ಟಾಫ್ ರೂಮಿನಲ್ಲಿ ಯಾರೋ ವಿಷಯ ಹೇಳಿದ್ದರು. ಮುಖ ಬಿಳುಚಿಕೊಂಡಿತ್ತು.

"ನಂಗೆ ಗೊತ್ತಿರ್ಲಿಲ್ಲ, ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಬಿಡಿ ಟೀಚರ್, ಅದ್ರಲ್ಲಿ ನಿಮ್ಮ ತಪ್ಪೇನಿದೆ," ಎಂದ ದರ್ಜಿ, ತಲೆಯೆತ್ತದೆ. ಅವನ ಕಾಲ ಬುಡದಲ್ಲಿ ಕಡುನೀಲಿ ಬಟ್ಟೆ ರಾಶಿ ಬಿದ್ದಿತ್ತು.

ಅವರು ಹೋದ ಮೇಲೆ ಮಗಳು ಕೇಳಿದಳು. "ಅದೇನಪ್ಪಾ ಇಷ್ಟೊಂದು ಬಟ್ಟೆ?"

"ಹಬ್ಬದ ಸ್ಟೇಜಿನ ಪರದೆ."

"ಅವರ ಕೆಲ್ಸಾನ ನೀನ್ಯಾಕೆ ಒಪ್ಕೊಂಡೆ? ನಮಗೇನು ಮಾನ ಮರ್ಯಾದೆ ಇಲ್ವಾ?"

ಅಪ್ಪ ಸೂಜಿಗೆ ದಾರ ಪೋಣಿಸಿದ. "ಪರದೆ ಕಟ್ಟೋಕೆ ನಾನೇ ಮೈದಾನಕ್ಕೆ ಹೋಗ್ಬೇಕಲ್ಲ, ಪುಟ್ಟಾ."

ಮಗಳಿಗೆ ಅರ್ಥವಾಯಿತು. ಮೈಕ್ ಸೆಟ್ಟಿನ ಲಾರಿಯ ಜೊತೆ ಅಮ್ಮನೂ ಬರಬಹುದು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಪ್ಪನ ಹುಚ್ಚು ಆಸೆ ಅವಳಿಗೂ ಹತ್ತಿತು. ಪಕ್ಕದಲ್ಲಿ ಕೂತು ಪರದೆಯ ಮೇಲಂಚಿಗೆ, ಅದನ್ನು ನೇತುಹಾಕುವ ಕಬ್ಬಿಣದ ಬಳೆಗಳನ್ನು ಹೊಲಿಯತೊಡಗಿದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಪರದೆ ಹೊತ್ತು ಹೋದರು. ಹುಡುಕಾಡುವ ಪ್ರಮೇಯವೇ ಬರಲಿಲ್ಲ. ಸ್ಟೇಜಿನ ಪಕ್ಕದಲ್ಲೇ ಅಮ್ಮ ಕುಕ್ಕರಗಾಲಲ್ಲಿ ಕೂತು ವೈರನ್ನು ಮೊಣಕೈಗೆ ಸುತ್ತುತ್ತಿದ್ದಳು. ಬಿಸಿಲಿಗೆ ಕಪ್ಪಿಟ್ಟು ಸೊರಗಿದ್ದಳು. ಇವರನ್ನು ಕಂಡು ಎದ್ದಳು, ಕೈಯಲ್ಲಿದ್ದ ವೈರು ಬಿಡಲಿಲ್ಲ.

"ಎಷ್ಟುದ್ದ ಬೆಳೆದ್ಬಿಟ್ಟಿದೀಯೇ!"

"ಮನೆಗೆ ಬಾ," ಎಂದ ಅಪ್ಪ. "ಯಾಕೆ ಹೋದೆ, ಏನು ಅಂತ ಒಂದು ಮಾತೂ ಕೇಳಲ್ಲ ನಾನು."

"ಗೊತ್ತು. ಇಷ್ಟು ವರ್ಷ ನೀವೇನು ಕೇಳಿದೀರಿ ಹೇಳಿ? ತಿಂದ್ಯಾ ಬಿಟ್ಯಾ ಅಂತಾನೂ ಕೇಳ್ಲಿಲ್ಲ. ಆ ಮಿಷನ್ ಸದ್ದು ಬಿಟ್ರೆ ಆ ಮನೇಲಿ ನನ್ನ ಕಿವಿಗೆ ಬೇರೇನೂ ಬೀಳ್ತಿರ್ಲಿಲ್ಲ."

"ಅವನು ಕೇಳ್ತಾನಾ?" ಎಂದ ಅಪ್ಪ.

ಅಮ್ಮ ಲಾರಿಯ ಕಡೆ ನೋಡಿದಳು. "ಮೊದಮೊದಲು ಕೇಳ್ತಿದ್ದ."

"ಹಾಗಾದ್ರೆ ಬಾಮ್ಮಾ!" ಮಗಳು ಅವಳ ತೋಳು ಹಿಡಿದುಕೊಂಡಳು.

"ಬಂದು? ಯಾವ ಮುಖ ಇಟ್ಕೊಂಡು ಆ ಬೀದೀಲಿ ಓಡಾಡ್ಲಿ? ನೋಡು, ನಿಂಗೆ…"

ಅಷ್ಟರಲ್ಲಿ ಸ್ಪೀಕರುಗಳು ಗುಡುಗಿದವು. ಯಾರೋ ಡ್ರಮ್ಮು ಬಾರಿಸಿ ನೋಡುತ್ತಿದ್ದರು. ಅಮ್ಮನ ತುಟಿ ಆಡುತ್ತಿತ್ತು, ಮಾತು ಒಂದೂ ಕೇಳಿಸಲಿಲ್ಲ. "ಏನಮ್ಮಾ? ಏನಂದೆ?" ಎಂದು ಮಗಳು ಅರಚಿದಳು. ಲಾರಿಯ ಬಳಿಯಿಂದ ಒಬ್ಬ ಕೈಬೀಸಿ ಕರೆದ. ಅಮ್ಮ ಮಗಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ವೈರಿನ ಸುರುಳಿಯನ್ನು ಹೆಗಲಿಗೇರಿಸಿ ಹೊರಟುಹೋದಳು.

ಅಪ್ಪ ಏಣಿ ತಂದು ಒರಗಿಸಿದ. "ಗಟ್ಟಿಯಾಗಿ ಹಿಡ್ಕೋ," ಎಂದು ಹತ್ತಿ, ಬಳೆಗಳನ್ನು ಒಂದೊಂದಾಗಿ ಕೊಕ್ಕೆಗೆ ಸಿಕ್ಕಿಸಿದ. ಎಲ್ಲೂ ಒಂದು ಸುಕ್ಕಿಲ್ಲದೆ ಪರದೆ ಇಳಿಬಿತ್ತು.

ಆ ವಾರವೆಲ್ಲ ಕಿಟಕಿಯ ಗಾಜು ಅದುರುತ್ತಲೇ ಇತ್ತು. ಹಬ್ಬ ಮುಗಿದು ಶಾಲೆ ಶುರುವಾದಾಗ ಮಗಳು ಚೀಲ ಎತ್ತಿಕೊಳ್ಳಲಿಲ್ಲ. ಟೀಚರ್ ಎರಡು ಸಲ ಬಂದು, "ನೀವಾದ್ರೂ ಹೇಳಿ ಅವಳಿಗೆ," ಎಂದು ದರ್ಜಿಯ ಮುಂದೆ ಅಂಗಲಾಚಿದರು.

"ಅವಳಿಷ್ಟ," ಎಂದ ಅವನು.

ಯಾಕೆ ಹೋಗುತ್ತಿಲ್ಲವೆಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅಪ್ಪನ ಪಕ್ಕ ಕೂತು ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದನ್ನು ಕಲಿತಳು.