ತಣ್ಣಗಾದ ಡ್ರಮ್ಮುಗಳು

ಬಂಗಾರಪೇಟೆ ಪಕ್ಕದ ಹಳ್ಳಿಯ ಸುಮಲತ ಮನೆ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಂದು ಪುಟ್ಟ ಪಾಲಿಹೌಸ್ ಕಟ್ಟಿಕೊಂಡಿದ್ದಳು. ಚಳಿಗಾಲದಲ್ಲೂ ಕ್ಯಾಪ್ಸಿಕಂ ಸಸಿ ಎಬ್ಬಿಸಬೇಕೆಂಬ ಹಟ. ಉರಿಗಾಂನ ಗುಜರಿ ಅಂಗಡಿಯಿಂದ ಡ್ರಮ್ಮುಗಳನ್ನು ತಂದು, ಕಪ್ಪು ಬಣ್ಣ ಬಳಿದು, ನೀರು ತುಂಬಿ ಒಳಗೆ ಸಾಲಾಗಿ ಇಟ್ಟಿದ್ದಳು. ಹಗಲೆಲ್ಲ ಬಿಸಿಲಿಗೆ ಕಾದ ಆ ನೀರು ರಾತ್ರಿ ಸಸಿಗಳನ್ನು ಬೆಚ್ಚಗಿಡುತ್ತಿತ್ತು.

ಪಕ್ಕದ ಮನೆಯ ಅನಸೂಯಮ್ಮ ಒಮ್ಮೆ ಬಂದು ಡ್ರಮ್ಮಿಗೆ ಕೈ ಅದ್ದಿ, "ಸೌದೆ ಇಲ್ಲ, ಕರೆಂಟಿಲ್ಲ, ಇಷ್ಟು ಬಿಸಿ ಎಂಗಮ್ಮೀ? ಸ್ನಾನಕ್ಕೇ ಸಾಕು!" ಎಂದು ನಕ್ಕಿದ್ದರು.

ಡಿಸೆಂಬರಿನಲ್ಲಿ ಸಸಿಗಳು ಸೊರಗತೊಡಗಿದವು. ಬೆಳಿಗ್ಗೆ ಮುಟ್ಟಿ ನೋಡಿದರೆ ಬಾಗಿಲ ಬಳಿಯ ಡ್ರಮ್ಮುಗಳು ಮಾತ್ರ ತಣ್ಣಗೆ. ನೀರು ಕಡಿಮೆಯಾಗಿರಲಿಲ್ಲ, ಆದರೆ ಕೆಳಗೆ ನೆಲ ಒದ್ದೆ. ಯಾರೋ ಬಿಸಿನೀರು ಮೊಗೆದು ತಣ್ಣೀರು ಸುರಿದಿದ್ದಾರೆ. ಸುಮಲತಳಿಗೆ ಅನಸೂಯಮ್ಮನ ಆ ನಗು ನೆನಪಾಯಿತು. ಅಂದಿನಿಂದ ಆಕೆ ಬಕೆಟ್ ಹಿಡಿದು ಹೋದರೂ ಅನುಮಾನ, ತಲೆಗೂದಲು ಒದ್ದೆಯಿದ್ದರೂ ಅನುಮಾನ. ನಗುನಗುತ್ತಾ ಮಾತಾಡಿಸಿದರಂತೂ ಅನುಮಾನ ಇನ್ನೂ ಗಟ್ಟಿಯಾಗುತ್ತಿತ್ತು.

ಒಂದು ದಿನ ನಲ್ಲಿಯ ಹತ್ತಿರ ಎಲ್ಲರೆದುರೇ ಕೇಳಿಬಿಟ್ಟಳು. "ಯಾಕಕ್ಕಾ, ನಿಮ್ಮನೇಲಿ ಒಲೆ ಇಲ್ವಾ? ನಮ್ ಡ್ರಮ್ಮಿನ ನೀರೇ ಬೇಕಾ?"

ಅನಸೂಯಮ್ಮನ ಮುಖ ಕಪ್ಪಿಟ್ಟಿತು. "ಏನಂದೆ? ನಾನು ನೀರ್ ಕದಿಯೋಳಾ?" ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ಹೊರಟೇಹೋದರು.

ಮರುದಿನವೂ ಡ್ರಮ್ಮುಗಳು ತಣ್ಣಗೇ ಇದ್ದವು. ಕಳ್ಳತನ ಕಣ್ಣಾರೆ ಹಿಡಿಯಲೆಂದು ಅಂದು ಸಂಜೆ ಡೇರಿಗೆ ಹಾಲು ಹಾಕಲು ತಾನು ಹೋಗದೆ ಗಂಡ ಶ್ರೀಧರನನ್ನು ಕಳಿಸಿ, ಸುಮಲತ ಹುಲ್ಲಿನ ಬಣವೆಯ ಹಿಂದೆ ಕೂತಳು. ಹೊತ್ತು ಮುಳುಗುತ್ತಿದ್ದಂತೆ ಪಾಲಿಹೌಸಿನ ಬಾಗಿಲು ತೆಗೆದವರು ಅವಳ ಅತ್ತೆ ವೆಂಕಟರತ್ನಮ್ಮ!

"ಅತ್ತೇ, ನೀವಾ?"

ಬೆಚ್ಚಿದರೂ ಮುದುಕಿ ಬಕೆಟ್ ಬಿಡಲಿಲ್ಲ. "ಕರು ಆಕಿರೋ ಅಸು. ಈ ಚಳೀಲಿ ತಣ್ಣೀರ್ ಕುಡಿಸ್ಲಾ? ಕೇಳಿದ್ರೆ ನೀನು ಸಸಿ ಸಸಿ ಅಂತೀಯ."

"ಅನಸೂಯಕ್ಕನ್ನ ಅಂಗೆ ಅಂದ್ನಲ್ಲ, ಆಗ್ಲಾದ್ರೂ ಯೋಳ್ಬಾರ್ದಾಗಿತ್ತಾ?"

"ನೀನು ನನ್ನ ಕೇಳಿದ್ಯಾ? ಸೀದಾ ಅವಳ ಮೇಲೇ ಎಗರಿದೆ."

ಸುಮಲತ ಬಕೆಟ್ ಇಸಕೊಂಡು ತಾನೇ ಕೊಟ್ಟಿಗೆಗೆ ನಡೆದಳು.

ಹಸುವಿಗೆಂದೇ ಹೊರಗೆ ಬಿಸಿಲಲ್ಲಿ ಬೇರೊಂದು ಡ್ರಮ್ಮು ಬಂತು. ಉಳಿದ ಸಸಿಗಳು ಚೇತರಿಸಿಕೊಂಡವು. ಅವುಗಳಲ್ಲಿ ಒಳ್ಳೆಯವನ್ನು ಆರಿಸಿಕೊಂಡು ಸುಮಲತ ಅನಸೂಯಮ್ಮನ ಬಾಗಿಲಿಗೆ ಹೋದಳು. "ತಪ್ಪಾಯ್ತಕ್ಕಾ. ನೀರು ತಗೀತಿದ್ದಿದ್ದು ನಮ್ಮತ್ತೆ."

ಅನಸೂಯಮ್ಮ ಸಸಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇವನ್ನ ಕೈಯಾರೆ ಕೊಟ್ಟೆ ಅಂತ ನಿಮ್ಮತ್ತೇಗೂ ಯೋಳಿಬಿಡು. ನಾಳೆ ಸಸಿ ಕದ್ಯಾ ಅಂತ ನಲ್ಲಿ ತಾವ ಇನ್ನೊಂದ್ ಸಲ ಕೇಳ್ಬೇಡ."

ಸಸಿಗಳನ್ನು ಇಸಕೊಂಡರು. ಒಳಗೆ ಬಾ ಎನ್ನಲಿಲ್ಲ.